ನ್ಯಾಟ್ ದಾಟುವಾಗ ಸೋರ್ಸ್ ಪೋರ್ಟ್: ಮಾಸ್ಕರೇಡ್, ಎಸ್‌ನ್ಯಾಟ್, ಪಿಎಫ್‌ಸೆನ್ಸ್ ಹೋಲಿಕೆ

ಕಲಬುರಗಿ ಕಚೇರಿಯ ನ್ಯಾಟ್ (ಒಳಗಿನ ಹಲವು ಯಂತ್ರಗಳನ್ನು ಒಂದೇ ಪಬ್ಲಿಕ್ ಐಪಿಯಿಂದ ಹೊರಗೆ ಕಳಿಸುವ ವಿಳಾಸ ಬದಲಾವಣೆ) ಹಿಂದೆ ಎರಡು ಲ್ಯಾಪ್‌ಟಾಪ್, ಬೀದರ್ ಶಾಖೆಯಲ್ಲಿ ಪಬ್ಲಿಕ್ ಐಪಿ ಇರುವ ಒಂದು ಸರ್ವರ್. ಎರಡೂ ಲ್ಯಾಪ್‌ಟಾಪ್‌ನಿಂದ ಯುಡಿಪಿ ಸೋರ್ಸ್ ಪೋರ್ಟ್ (ಪ್ಯಾಕೆಟ್ ಹೊರಡುವ ಪೋರ್ಟ್) 40001 ಹಿಡಿದು, ಸರ್ವರಿನ ಒಂದೇ ಪೋರ್ಟಿಗೆ ಪ್ಯಾಕೆಟ್ ಕಳಿಸಿ, ಅಲ್ಲಿ ಯಾವ ಸೋರ್ಸ್ ಪೋರ್ಟ್ ಕಾಣುತ್ತದೆ ಎಂದು ಟಿಸಿಪಿಡಂಪ್ (ಬಂದ ಪ್ಯಾಕೆಟ್ ತೋರಿಸುವ ಸಾಧನ) ಹಚ್ಚಿ ನೋಡಿದ್ದು. ಬದಲಾಯಿಸಿದ್ದು ನ್ಯಾಟ್ ಮಾಡುವ ಗೇಟ್‌ವೇ ಮಾತ್ರ.

ಲಿನಕ್ಸಿನ ಮಾಸ್ಕರೇಡ್ (ಗೇಟ್‌ವೇಗೆ ಆಗ ಇರುವ ಐಪಿಯನ್ನೇ ತಾನಾಗಿ ಹಾಕುವ ನ್ಯಾಟ್) ಪೋರ್ಟನ್ನು ವಿನಾಕಾರಣ ಮುಟ್ಟುವುದಿಲ್ಲ. ಮೊದಲ ಲ್ಯಾಪ್‌ಟಾಪ್ 40001 ಆಗಿಯೇ ಬೀದರ್ ತಲುಪುತ್ತದೆ. ಎರಡನೆಯದಕ್ಕೆ ಆ ಜಾಗ ತುಂಬಿರುವುದರಿಂದ ಬೇರೆ ಪೋರ್ಟ್ ಸಿಗುತ್ತದೆ. ಆದರೆ ಎರಡನೆಯದನ್ನು ಯಾದಗಿರಿಯ ಬೇರೊಂದು ಸರ್ವರಿಗೆ ತಿರುಗಿಸಿದರೆ ಎರಡೂ 40001 ಆಗಿಯೇ ಹೊರಬೀಳುತ್ತವೆ, ಏಕೆಂದರೆ ಗುರಿಯ ಐಪಿ, ಪೋರ್ಟ್, ಪ್ರೊಟೊಕಾಲ್ ಎಲ್ಲ ಸೇರಿಸಿ ನೋಡಿದಾಗ ಮಾತ್ರ ಅದಕ್ಕೆ ಘರ್ಷಣೆ ಕಾಣುತ್ತದೆ. ಹಾಗಾಗಿ ‘ಹೊರಗಿನ 40001 ಯಾವ ಯಂತ್ರದ್ದು?’ ಎಂದಷ್ಟೇ ಕೇಳಿದರೆ ಉತ್ತರವಿಲ್ಲ, ಗುರಿಯನ್ನೂ ಹೇಳಬೇಕು. ಗೇಟ್‌ವೇಯಲ್ಲಿ ಕಾನ್‌ಟ್ರ್ಯಾಕ್ ಪಟ್ಟಿ (ಲಿನಕ್ಸ್ ಇಟ್ಟುಕೊಳ್ಳುವ ಚಾಲ್ತಿ ಸಂಪರ್ಕಗಳ ಲೆಕ್ಕ) ತೆಗೆದರೆ ಪ್ರತಿ ಸಾಲಿನಲ್ಲೂ ಎರಡು ಭಾಗ: ಹೋಗುವ ಪ್ಯಾಕೆಟ್ಟಿನದು, ಮರಳುವ ಉತ್ತರದ್ದು. ಮೊದಲ ಭಾಗದ ಎಸ್‌ಪೋರ್ಟ್ (ಸೋರ್ಸ್ ಪೋರ್ಟ್) ಒಳಗಿನದು. ಹೊರಗೆ ಹೋದ ನಿಜವಾದ ಸೋರ್ಸ್ ಪೋರ್ಟ್ ಎರಡನೇ ಭಾಗದಲ್ಲಿ ಡಿಪೋರ್ಟ್ (ಗುರಿಯ ಪೋರ್ಟ್) ಆಗಿ ಕೂತಿರುತ್ತದೆ. ಬಹಳ ಮಂದಿ ಮೊದಲರ್ಧವನ್ನೇ ಓದಿ ಪೋರ್ಟ್ ಬದಲಾಗಿಲ್ಲ ಎಂದುಕೊಳ್ಳುತ್ತಾರೆ.

ಲಿನಕ್ಸಿನದೇ ಎಸ್‌ನ್ಯಾಟ್‌ಗೆ (ಹೊರಗಿನ ಐಪಿಯನ್ನು ನಾವೇ ಬರೆದುಕೊಡುವ ನ್ಯಾಟ್) ಪೋರ್ಟ್ ವ್ಯಾಪ್ತಿ ಕೊಟ್ಟರೆ ಹಿಡಿತ ಹೆಚ್ಚು: ಒಂದು ಯಂತ್ರಕ್ಕೆ 40000ರಿಂದ 40063, ಇನ್ನೊಂದಕ್ಕೆ 40064ರಿಂದ 40127. ಪೋರ್ಟ್ ನೋಡಿದೊಡನೆ ಯಂತ್ರ ಗೊತ್ತಾಗುತ್ತದೆ. ರೂಲ್‌ನಲ್ಲಿ ಟಿಸಿಪಿ ಅಥವಾ ಯುಡಿಪಿ ಎಂದು ನಮೂದಿಸಲೇಬೇಕು, ಇಲ್ಲವಾದರೆ ಐಪಿಟೇಬಲ್ಸ್ (ಲಿನಕ್ಸಿನಲ್ಲಿ ಈ ರೂಲ್ ಬರೆಯುವ ಕಮಾಂಡ್) ಒಪ್ಪುವುದಿಲ್ಲ. 64 ಪೋರ್ಟ್ ಎಂದರೆ ಒಂದೇ ಗುರಿಗೆ ಏಕಕಾಲಕ್ಕೆ 64 ಸಂಪರ್ಕ; 65ನೆಯದರ ಪ್ಯಾಕೆಟ್ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಇನ್ನೊಂದು ತೊಡಕು: ನ್ಯಾಟ್ ಟೇಬಲ್ ನೋಡುವುದು ಸಂಪರ್ಕದ ಮೊದಲ ಪ್ಯಾಕೆಟ್ಟನ್ನಷ್ಟೇ. ಐಪಿ ಫೋನ್ (ಇಂಟರ್‌ನೆಟ್ ಮೂಲಕ ಮಾತಾಡುವ ಫೋನ್) ಕೀಪ್‌ಅಲೈವ್, ಅಂದರೆ ಸಂಪರ್ಕ ಜೀವಂತ ಇಡುವ ಪ್ಯಾಕೆಟ್, ಕಳಿಸುತ್ತಲೇ ಇದ್ದರೆ ಹಳೆಯ ನಮೂದು ಸಾಯುವುದೇ ಇಲ್ಲ, ರೂಲ್ ಬದಲಿಸಿದರೂ ಹಳೆಯ ಪೋರ್ಟೇ ಓಡುತ್ತಿರುತ್ತದೆ. ಕಾನ್‌ಟ್ರ್ಯಾಕ್‌ನಿಂದ ಆ ನಮೂದನ್ನು ಅಳಿಸಿ, ಆಮೇಲೆ ಪರೀಕ್ಷಿಸಿ.

ಪಿಎಫ್‌ಸೆನ್ಸ್ (ಗೇಟ್‌ವೇ ಆಗಿ ಬಳಸುವ ಫೈರ್‌ವಾಲ್ ತಂತ್ರಾಂಶ) ತದ್ವಿರುದ್ಧ. ಸಾಮಾನ್ಯವಾಗಿ ಅದು ಪೋರ್ಟನ್ನು ಯಾದೃಚ್ಛಿಕವಾಗಿ ಬದಲಿಸಿಬಿಡುತ್ತದೆ; ಸುರಕ್ಷತೆಗೆ ಒಳ್ಳೆಯದೇ, ಪೋರ್ಟ್ ಬದಲಾದರೆ ಕೆಡುವ ಐಪಿ ಫೋನಿಗೆ ತಲೆನೋವು. ಔಟ್‌ಬೌಂಡ್ ನ್ಯಾಟನ್ನು ಹೈಬ್ರಿಡ್ (ತಾನಾಗಿ ಬರುವ ರೂಲ್ ಜೊತೆ ನಮ್ಮದೂ ಸೇರುವ ಬಗೆ) ಮಾಡಿ, ಆ ಒಂದು ಸಾಧನದ ರೂಲ್‌ನಲ್ಲಿ ಸ್ಟ್ಯಾಟಿಕ್ ಪೋರ್ಟ್ (ಪೋರ್ಟ್ ಬದಲಿಸಬೇಡ) ಟಿಕ್ ಹಾಕಬೇಕು. ಇಡೀ ಲ್ಯಾನ್‌ಗೆ ಹಾಕಬೇಡಿ: ಎರಡು ಯಂತ್ರ ಒಂದೇ ಪೋರ್ಟಿನಿಂದ ಒಂದೇ ಗುರಿಗೆ ಹೋದರೆ ಎರಡನೆಯದಕ್ಕೆ ಬೇರೆ ಪೋರ್ಟ್ ಸಿಗುವುದಿಲ್ಲ, ಸಂಪರ್ಕವೇ ಆಗುವುದಿಲ್ಲ.

ಒಂದೆರಡು ಫೋನ್ ಇದ್ದವರಿಗೆ ಮಾಸ್ಕರೇಡ್ ಧಾರಾಳ ಸಾಕು. ಯಾರ ಸಂಪರ್ಕ ಎಂದು ಲೆಕ್ಕ ಇಡಬೇಕಾದ ಹಾಸ್ಟೆಲ್, ಕಾಲೇಜು ಲ್ಯಾಬ್‌ಗಳಿಗೆ ಎಸ್‌ನ್ಯಾಟ್ ವ್ಯಾಪ್ತಿಯೇ ಸರಿ, ಆದರೆ ಬ್ರೌಸರ್ ಬಳಸುವ ಯಂತ್ರಕ್ಕೆ 64 ಸಾಲದು, 500 ಆದರೂ ಕೊಡಿ.

ಇದಕ್ಕೆಲ್ಲ ಮೊದಲು ಗೇಟ್‌ವೇಯ ವ್ಯಾನ್ ಐಪಿ (ಇಂಟರ್‌ನೆಟ್ ಕಡೆಯ ವಿಳಾಸ) ನೋಡಿಕೊಳ್ಳಿ. ಅದು 100.64ರಿಂದ 100.127ರೊಳಗೆ ಇದ್ದರೆ ಇಂಟರ್‌ನೆಟ್ ಕೊಡುವವರೇ ಮತ್ತೊಂದು ನ್ಯಾಟ್ ಮಾಡುತ್ತಿದ್ದಾರೆ. ಕಲಬುರಗಿಯಲ್ಲಿ ಏನೇ ಕಟ್ಟಿದರೂ ಬೀದರಿನಲ್ಲಿ ಕಾಣುವುದು ಅವರು ಕೊಟ್ಟ ಪೋರ್ಟ್. ಆಗ ಸ್ಟ್ಯಾಟಿಕ್ ಐಪಿ ಕೊಳ್ಳಬೇಕು, ಇಲ್ಲವೇ ಎರಡೂ ಕಚೇರಿ ನಡುವೆ ವೈರ್‌ಗಾರ್ಡ್ (ವಿಪಿಎನ್ ಸುರಂಗ) ಹಾಕಿ ಅದರೊಳಗೆ ನ್ಯಾಟ್ ಇಲ್ಲದೆ ರೂಟ್ ಮಾಡಬೇಕು.