ನೂರು ಡಾಲರ್ ಕೊಟ್ಟು ಯೂಟ್ಯೂಬ್ ನೋಡಿ ಬಂದೆ (ಒಂದು ಪ್ಯಾನೆಲ್ ಬಿಟ್ಟು)

ಅಮೆರಿಕದ ಪೂರ್ವ ಕರಾವಳಿಯ ಒಂದು ಅನಿಮೆ (ಜಪಾನಿನ ಅನಿಮೇಷನ್) ಕನ್ವೆನ್ಷನ್‌ಗೆ, ಅಂದರೆ ಅಭಿಮಾನಿಗಳ ಜಾತ್ರೆಗೆ, ಏಳು ಸಲ ಹೋಗಿದ್ದೇನೆ. ಹೆಸರು ಬೇಡ. ಕಾಸ್‌ಪ್ಲೇ (ಪಾತ್ರಗಳ ವೇಷ ಹಾಕುವುದು), ಅಂಗಡಿಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಹೋಗುವುದು ಪ್ಯಾನೆಲ್‌ಗಳಿಗೆ, ಅಂದರೆ ಕೋಣೆಯಲ್ಲಿ ಕೂತು ಕೇಳುವ ಮಾತುಕತೆಗಳಿಗೆ. ವೇಷ ಹಾಕುವ ಧೈರ್ಯವಿಲ್ಲ, ಎಂಬತ್ತು ಡಾಲರ್ ಕೊಟ್ಟು ಗೊಂಬೆ ಕೊಳ್ಳಲು ಕೈ ಬರುವುದಿಲ್ಲ. ಯಾವುದೋ ಒಂದೇ ವಿಷಯದ ಹುಚ್ಚು ಹಿಡಿದ ಅಭಿಮಾನಿ ತನಗೆ ಗೊತ್ತಿರುವುದನ್ನೆಲ್ಲ ಒಂದು ಗಂಟೆ ಹೇಳುತ್ತಾನಲ್ಲ, ಅದನ್ನು ಕೂತು ಕೇಳುವುದು ಇಷ್ಟ.

ಗುರುವಾರ ರಾತ್ರಿ ಹೋಟೆಲ್ ರೂಮಿನಲ್ಲಿ ನಾಲ್ಕು ಜನ ಸೇರುತ್ತೇವೆ. ವೇಳಾಪಟ್ಟಿ ಆ್ಯಪ್‌ನಲ್ಲಿದ್ದರೂ ನಾನು ಹಾಳೆಯ ಮೇಲೆ ಬರೆದುಕೊಳ್ಳುತ್ತೇನೆ. ಹೋಗಲೇಬೇಕಾದದ್ದು ಹಸಿರು ಪೆನ್ನಿನಲ್ಲಿ, ಜಾಗ ಸಿಕ್ಕರೆ ನೋಡೋಣ ಅನ್ನುವಂಥದ್ದು ನೀಲಿಯಲ್ಲಿ. ಒಂದೇ ಹೊತ್ತಿಗೆ ಎರಡು ಹಸಿರು ಬಿದ್ದರೆ ಜಗಳ. ಮಧ್ಯಾಹ್ನಕ್ಕೆ ಡಬ್ಬಿಯಲ್ಲಿ ಪುಳಿಯೋಗರೆ, ಏಕೆಂದರೆ ಒಳಗೆ ಒಂದು ಒಣ ಬರ್ಗರ್‌ಗೆ ಹದಿನಾರು ಡಾಲರ್. ಸಾಲಿನಲ್ಲಿ ಕಾರ್ಪೆಟ್ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ತಿನ್ನುವುದು. ಒಂದು ವರ್ಷ ಪಕ್ಕದಲ್ಲಿ ನರುಟೊ ವೇಷದ ಹುಡುಗನೊಬ್ಬ ಕೂತಿದ್ದ. ಏನಿದು ಅಂದ, ಒಂದು ಚಮಚ ಕೊಟ್ಟೆ. ಅರ್ಧ ಡಬ್ಬಿ ಅವನ ಪಾಲಾಯಿತು.

ಇಷ್ಟೆಲ್ಲ ಮಾಡಿ ಒಳಗೆ ಹೋದರೆ ಏನು ಸಿಗುತ್ತದೆ? 'ಅನಿಮೆ ಹಾಡುಗಳ ಇತಿಹಾಸ' ಅಂತ ಹೆಸರಿದ್ದ ಪ್ಯಾನೆಲ್ ನೆನಪಿದೆ. ಮೊದಲ ಹನ್ನೆರಡು ನಿಮಿಷ ಲ್ಯಾಪ್‌ಟಾಪ್‌ನ ಶಬ್ದ ಬರಲಿಲ್ಲ. ಬಂದ ಮೇಲೆ ಯೂಟ್ಯೂಬ್‌ನಿಂದ ಒಂದು ಹಾಡು, "ಇದು ಯಾರಿಗೆಲ್ಲ ಇಷ್ಟ? ಕೈ ಎತ್ತಿ!" ಮತ್ತೊಂದು ಹಾಡು, ಮತ್ತೆ ಕೈ ಎತ್ತಿ. ಯಾರು ಸಂಗೀತ ಕೊಟ್ಟರು, ಸರಣಿಯ ಶುರುವಿನಲ್ಲಿ ಬರುವ ಆ ಒಂದೂವರೆ ನಿಮಿಷದ ಹಾಡಿಗೇ ಬೇರೆ ನಿರ್ದೇಶಕರನ್ನು ಯಾಕೆ ಕರೆಸುತ್ತಾರೆ, ಒಂದು ಮಾತೂ ಇಲ್ಲ. ಇತಿಹಾಸ ಎಲ್ಲಪ್ಪಾ ಅಂತ ಹುಡುಕುತ್ತಾ ಐವತ್ತು ನಿಮಿಷ ಕೈ ಎತ್ತಿ ಇಳಿಸಿದೆವು. ಈಗ ಅರ್ಧಕ್ಕರ್ಧ ಪ್ಯಾನೆಲ್‌ಗಳು ಹೀಗೇ. ಮಿಕ್ಕವು ಆ ವರ್ಷ ಓಡುತ್ತಿರುವ ಸರಣಿಯ ಬಾಲ ಹಿಡಿದಂಥವು. ಒಂದೇ ಶನಿವಾರ 'ಡೀಮನ್ ಸ್ಲೇಯರ್' ಬಗ್ಗೆ ಮೂರು ಪ್ಯಾನೆಲ್, ಮೂರರಲ್ಲೂ ಅದೇ ವಿಕಿಪೀಡಿಯ.

ಅನಿಮೆಯನ್ನು ಅಮೆರಿಕಕ್ಕೆ ತರುವ ಕಂಪನಿಗಳ ಪ್ಯಾನೆಲ್‌ಗೆ ಹೋಗುವುದು ಬಿಟ್ಟೇ ಬಿಟ್ಟಿದ್ದೇನೆ. ಹಿಂದೆ ಯಾವ ಸರಣಿಯ ಹಕ್ಕು ಯಾರಿಗೆ ಸಿಕ್ಕಿತು ಅಂತ ಮೊದಲು ಗೊತ್ತಾಗುತ್ತಿದ್ದದ್ದು ಆ ಕೋಣೆಯಲ್ಲೇ. ಪರದೆ ಮೇಲೆ ಹೆಸರು ಬಂದರೆ ಜನ ಕಿರುಚುತ್ತಿದ್ದರು. ಈಗ ವೇದಿಕೆಯವರು ಬಾಯಿ ತೆರೆಯುವ ಮೊದಲೇ ನನ್ನ ಫೋನ್ ಗುಂಯ್ ಅಂದಿರುತ್ತದೆ. ಡಬ್ಬಿಂಗ್ ಕಲಾವಿದರ ಪ್ಯಾನೆಲ್‌ನಲ್ಲಿ ಒಮ್ಮೆ ಪ್ರಶ್ನೆ ಕೇಳಲು ಮೈಕಿನ ಸಾಲಿನಲ್ಲಿ ನಿಂತಿದ್ದೆ. ಮುಂದಿದ್ದ ಆರು ಜನರಲ್ಲಿ ನಾಲ್ವರು "ಆ ಪಾತ್ರದ ದನಿಯಲ್ಲಿ ನನ್ನ ಹೆಸರು ಹೇಳಿ" ಅಂದರು. ಸಮಯ ಮುಗಿಯಿತು. ಭಾರತದ ಭಾಷೆಗಳ ಬಗ್ಗೆ ಕೇಳಬೇಕಿತ್ತು. 2025ರಲ್ಲಿ 'ಡೀಮನ್ ಸ್ಲೇಯರ್'ನ 'ಇನ್ಫಿನಿಟಿ ಕ್ಯಾಸಲ್' ಸಿನಿಮಾ ನಮ್ಮ ದೇಶದ ಥಿಯೇಟರ್‌ಗಳಿಗೆ ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. ಕನ್ನಡದಲ್ಲಿ ಇಲ್ಲ. ಇರಲಿ, ಆ ಹೊಟ್ಟೆಯುರಿ ಬೇರೆ.

ಎಲ್ಲ ಕಡೆ ಹೀಗೆ ಅಂತ ಹೇಳುತ್ತಿಲ್ಲ. ವಾಷಿಂಗ್ಟನ್‌ನ ಒಟಾಕಾನ್ ಅನ್ನುವ ಕನ್ವೆನ್ಷನ್‌ಗೆ ಒಮ್ಮೆ ಹೋಗಿದ್ದೆ. 1994ರಲ್ಲಿ ಅಭಿಮಾನಿಗಳೇ ಶುರು ಮಾಡಿದ್ದು, ಬಾಲ್ಟಿಮೋರ್‌ನಲ್ಲಿ ವರ್ಷಗಟ್ಟಲೆ ಇದ್ದು 2017ರಲ್ಲಿ ವಾಷಿಂಗ್ಟನ್‌ಗೆ ಬಂತು. ಅಲ್ಲಿ ಹಸಿರು ಪೆನ್ನಿನ ಶಾಯಿ ಮುಗಿದಿತ್ತು.

ಆದರೂ ನನ್ನ ಹಳೆಯ ಕನ್ವೆನ್ಷನ್ ಬಿಡಲಾಗದೆ ಇರುವುದಕ್ಕೆ ಕಾರಣ ಒಂದು ಭಾನುವಾರ ಬೆಳಗ್ಗೆ ಒಂಬತ್ತರ ಪ್ಯಾನೆಲ್. ಆ ಹೊತ್ತಿನಲ್ಲಿ ಊರೆಲ್ಲ ಮಲಗಿರುತ್ತದೆ. ನಾನು ಹೋದದ್ದೂ ಸುಮ್ನೆ, ಕಾಫಿ ಹೀರುತ್ತಾ ಕೂರಲು ಜಾಗ ಬೇಕಿತ್ತು. ಕೋಣೆಯಲ್ಲಿ ಇಪ್ಪತ್ತು ಜನ ಇದ್ದರೆ ಹೆಚ್ಚು. ಅರವತ್ತು ದಾಟಿದ ಹೆಂಗಸೊಬ್ಬರು ದೊಡ್ಡ ಫೈಲ್ ಹಿಡಿದು ಬಂದರು. ಸ್ಲೈಡ್ ಇಲ್ಲ, ಕ್ಲಿಪ್ ಇಲ್ಲ. ಫೈಲ್‌ನಲ್ಲಿ ಇದ್ದದ್ದು ಸೆಲ್‌ಗಳು, ಅಂದರೆ ಕಂಪ್ಯೂಟರ್ ಬರುವ ಮೊದಲು ಅನಿಮೆಗೆ ಬಣ್ಣ ಹಚ್ಚುತ್ತಿದ್ದ ಪಾರದರ್ಶಕ ಹಾಳೆಗಳು. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಒಂದೊಂದಾಗಿ ನಮ್ಮ ಕೈಗೇ ಕೊಟ್ಟರು.

ನನಗೆ ಬಂದದ್ದರಲ್ಲಿ ಅರ್ಧ ತಿರುಗಿದ ಒಂದು ಹುಡುಗಿಯ ಮುಖ. ಮುಂದಿನಿಂದ ನೋಡಿದರೆ ನಯ, ಗೆರೆ ಕೂದಲೆಳೆಯಷ್ಟು ಸಣ್ಣ. ತಿರುಗಿಸಿದರೆ ಬಣ್ಣ ದಪ್ಪ ದಪ್ಪ, ಗೋಡೆಗೆ ಬಳಿದ ಹಾಗೆ. ಗೆರೆ ಮುಂದೆ, ಬಣ್ಣ ಹಿಂದೆ. ನಮ್ಮ ಅಜ್ಜಿಯ ದೇವರ ಮನೆಯಲ್ಲಿ ಗಾಜಿನ ಮೇಲೆ ಬರೆದ ಬೆಣ್ಣೆಕೃಷ್ಣ ಇದ್ದ, ಅವನಿಗೂ ಬಣ್ಣ ಹಿಂದಿನಿಂದಲೇ. ಹಾಳೆಯ ಮೂಲೆಯಲ್ಲಿ 'ಎ 5' ಅಂತ ಬರೆದಿತ್ತು. ಎ ಅಂದರೆ ಯಾವ ಪದರ, 5 ಅಂದರೆ ಚಲನೆಯಲ್ಲಿ ಎಷ್ಟನೆಯದು ಅಂತ ಆಕೆ ಹೇಳಿದರು. ಅಂಚಿನಲ್ಲಿ ಮೂರು ತೂತು, ಹಾಳೆಗಳು ಅಲುಗಾಡದೆ ಒಂದರ ಮೇಲೊಂದು ಕೂರಲು. ಇನ್ನೊಂದು ಕವರ್ ತೆರೆದು ಮೂಸಿ ನೋಡಿ ಅಂದರು. ವಿನೆಗರ್ ವಾಸನೆ. ಹಾಳೆ ಕೆಡಲು ಶುರುವಾದರೆ ಹಾಗೆ ಹುಳಿ ವಾಸನೆ ಬರುತ್ತದಂತೆ, ಪಕ್ಕದ್ದಕ್ಕೂ ಹರಡುತ್ತದಂತೆ. ಅದಕ್ಕೇ ಅದನ್ನು ಬೇರೆ ಇಟ್ಟಿದ್ದರು. ಎಲ್ಲರೂ ಕಂಪ್ಯೂಟರ್‌ಗೆ ಹೋದ ಮೇಲೂ 'ಸಜಾಯೆ-ಸಾನ್' ಅನ್ನುವ ಟಿವಿ ಸರಣಿ 2013ರ ವರೆಗೆ ಸೆಲ್ ಬಿಡಲಿಲ್ಲ ಅನ್ನುವುದೂ ಅವತ್ತೇ ಗೊತ್ತಾದದ್ದು. ಗಂಟೆ ಮುಗಿದು ಸಿಬ್ಬಂದಿ ಬಂದು ಕೋಣೆ ಖಾಲಿ ಮಾಡಿ ಅಂದರೂ ಯಾರೂ ಏಳಲಿಲ್ಲ. ನನ್ನ ಕಾಫಿ ಆರಿಹೋಗಿತ್ತು.

ಮೂರು ವರ್ಷ ಆಕೆಯ ಪ್ಯಾನೆಲ್ ತಪ್ಪಿಸಲಿಲ್ಲ. ನಾಲ್ಕನೇ ವರ್ಷ ಪಟ್ಟಿಯಲ್ಲಿ ಹೆಸರಿಲ್ಲ. ಕಾರಿಡಾರಿನಲ್ಲಿ ಸಿಕ್ಕಾಗ ಕೇಳಿದೆ. ಅರ್ಜಿ ಹಾಕಿದ್ದರಂತೆ, ತಿರಸ್ಕಾರವಾಯಿತಂತೆ. ಆ ಭಾನುವಾರ ಒಂಬತ್ತಕ್ಕೆ ಅದೇ ಕೋಣೆಯಲ್ಲಿ ಇದ್ದದ್ದು 'ಯಾವ ಅನಿಮೆ ಹುಡುಗಿ ನಿಮಗೆ ಸರಿ ಹೊಂದುತ್ತಾಳೆ' ಅನ್ನುವ ಕ್ವಿಜ್. ಹೋಗಲಿ, ಅದಾದರೂ ತುಂಬಿತ್ತಾ ಅಂತ ಇಣುಕಿದೆ. ಒಂಬತ್ತು ಜನ.

ಐದಕ್ಕೆ ಎರಡು ಸ್ಟಾರ್. ಆಕೆ ಇದ್ದ ವರ್ಷಗಳಿಗೆ ನಾಲ್ಕು. ಈ ಸಲ ಮೂರು ದಿನದ ಪ್ರವೇಶದ ಬ್ಯಾಡ್ಜ್ ಬೇಡ ಅಂತ ಭಾನುವಾರದ್ದು ಮಾತ್ರ ತೆಗೆದುಕೊಂಡಿದ್ದೇನೆ. ಆಕೆ ಮತ್ತೆ ಅರ್ಜಿ ಹಾಕಿದ್ದಾರೆ. ಪಟ್ಟಿ ಇನ್ನೂ ಬಂದಿಲ್ಲ.