ಬೆನ್ನುಡಿ ನಂಬಿ ಮೂರು ಪ್ರತಿ ಕೊಂಡೆ, ನೀವು ಕೊಳ್ಳಬೇಡಿ

ಪ್ರಕಟಣಪೂರ್ವ ರಿಯಾಯಿತಿ ಎಂಬ ಮಾತಿಗೆ ಮರುಳಾಗಿ, ಒಂದು ಪುಟವನ್ನೂ ಓದದೆ, ಒಂದೇ ಹಾಸ್ಯ ಕಾದಂಬರಿಯ ಮೂರು ಪ್ರತಿಗಳಿಗೆ 720 ರೂಪಾಯಿ ಮುಂಗಡ ಕಳುಹಿಸಿದ ಮೂರ್ಖ ನಾನು. ಹೆಸರುಗಳನ್ನು ಬರೆದು ಜಗಳ ಬೆಳೆಸುವ ಇಚ್ಛೆ ನನಗಿಲ್ಲ. ಆದರೆ ಮುರಿದುಬೀಳುತ್ತಿರುವ ದಾಂಪತ್ಯವನ್ನು ಕುರಿತ ‘ನಗೆಗಾದಂಬರಿ’ಯೊಂದರ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿದ್ದರೆ ದಯವಿಟ್ಟು ಹಣ ಕಳುಹಿಸುವ ಮುನ್ನ ಇದನ್ನು ಓದಿ.

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯನ್ನು ತಿರುವಿ, ಉಂಡರೂ ಮಲಗಿದರೂ ಮುಗಿಯದ ಜಗಳದ ಕಥೆಯಿದು ಎಂದು ಬೆನ್ನುಡಿಯಲ್ಲಿ ಬರೆದಿದ್ದರು. 1942ರಲ್ಲಿ ಆರಂಭವಾದ ಹಾಸ್ಯ ಪತ್ರಿಕೆ ‘ಕೊರವಂಜಿ’ಯ ಪರಂಪರೆಗೆ ಸೇರುವ ಕೃತಿ ಎಂದೂ ಇತ್ತು. ತಂದೆಯವರು ಜೋಪಾನ ಮಾಡಿದ್ದ ಆ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಓದುತ್ತ ಬೆಳೆದ ನನಗೆ ಆ ಹೆಸರೊಂದೇ ಸಾಕಾಯಿತು.

ಪುಸ್ತಕ ಬಂದ ರಾತ್ರಿ, ಊಟವಾದ ಮೇಲೆ, ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳತೊಡಗಿದೆ. ಕಥೆಯ ದಂಪತಿಗಳು ಮಾತು ಬಿಟ್ಟಿದ್ದಾರೆ. ಬೆಳಿಗ್ಗೆ ಐದು ಗಂಟೆಗೆ ಎಬ್ಬಿಸಬೇಕೆಂದು ಗಂಡ ಚೀಟಿ ಬರೆದಿಟ್ಟು ಮಲಗುತ್ತಾನೆ. ನಾನು ಪುಟ ತಿರುವುವ ಮೊದಲೇ ನನ್ನಾಕೆ, ಬಟ್ಟೆ ಮಡಿಸುತ್ತಲೇ, ತಲೆಯನ್ನೂ ಎತ್ತದೆ, ‘ಐದು ಗಂಟೆಯಾಯಿತು, ಏಳಿ ಎಂದು ಅವಳೂ ಚೀಟಿ ಬರೆದಿಟ್ಟಿರುತ್ತಾಳೆ’ ಎಂದಳು. ತಿರುವಿದೆ. ಅದೇ ಇತ್ತು. ಮುಂದಿನ ಅಧ್ಯಾಯದ ನಗೆಹನಿಯನ್ನೂ ಅವಳು ಹೀಗೆಯೇ ಮುಗಿಸಿದಳು. ಮೂರನೆಯದನ್ನು ಓದಲು ನನಗೆ ಬಾಯಿ ಬರಲಿಲ್ಲ. ‘ಎಷ್ಟು ಕೊಟ್ಟಿರಿ?’ ಎಂದು ಕೇಳಿದಳು. ಒಂದು ಪ್ರತಿಯ ಬೆಲೆಯನ್ನು ಮಾತ್ರ ಹೇಳಿದೆ.

ಹಳೆಯ ನಗೆಹನಿಗಳನ್ನಾದರೂ ಕ್ಷಮಿಸಬಹುದು. ದಾಂಪತ್ಯದ ಕಾದಂಬರಿಯಲ್ಲಿ ಅರ್ಧದ ನಂತರ ಹೆಂಡತಿಯೇ ಕಾಣೆಯಾಗುವುದನ್ನು ಹೇಗೆ ಕ್ಷಮಿಸಲಿ? ಅವಳು ತವರಿಗೆ ಹೋಗುತ್ತಾಳೆ, ಗಂಡ ಗೆಳೆಯರೊಡನೆ ಮಡಿಕೇರಿಗೆ ಹೋಗುತ್ತಾನೆ, ಎಂಬತ್ತು ಪುಟಗಳ ತುಂಬ ಕುಡಿತ ಮತ್ತು ಜಿಗಣೆ. ಕೊನೆಗೆ ಸೋಮವಾರ ಇಬ್ಬರೂ ಒಪ್ಪಿ ವಿಚ್ಛೇದನದ ಅರ್ಜಿ ಹಾಕುತ್ತಾರೆ, ಶುಕ್ರವಾರ ತೀರ್ಪು ಬರುತ್ತದೆ! ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನ ಪ್ರಕಾರ ಅರ್ಜಿಗೆ ಮೊದಲೇ ಒಂದು ವರ್ಷ ಬೇರೆಯಾಗಿ ಬಾಳಿರಬೇಕು. ಅರ್ಜಿಯ ನಂತರ ಸಾಮಾನ್ಯವಾಗಿ ಆರು ತಿಂಗಳು ಕಾಯಬೇಕು, ಸೂಕ್ತ ಪ್ರಕರಣಗಳಲ್ಲಿ ಆ ಅವಧಿಯನ್ನು ಬಿಡಬಹುದೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರಲ್ಲಿ. ಅದೇ ನ್ಯಾಯಾಲಯ, ಸತಿಪತಿಗಳಾಗಿ ಬಾಳದಿದ್ದರೆ ಒಂದೇ ಸೂರಿನಡಿ ಇದ್ದೂ ‘ಬೇರೆ’ಯಾಗಿರಬಹುದೆಂದು 1991ರಲ್ಲೇ ಹೇಳಿದೆ. ಒಂದೇ ಅಡುಗೆಮನೆ, ಒಂದೇ ಕುಕ್ಕರ್, ಒಂದು ವರ್ಷದ ‘ಬೇರೆ ಬಾಳು’: ನಿಜವಾದ ಹಾಸ್ಯಗಾರನಿಗೆ ಇದಕ್ಕಿಂತ ಇನ್ನೇನು ಬೇಕಿತ್ತು? ಕಾನೂನೇ ಬಡಿಸಿಟ್ಟ ಎಲೆಯನ್ನು ಬಿಟ್ಟು ಈ ಲೇಖಕರು ಜಿಗಣೆಯ ಹಿಂದೆ ಹೋಗಿದ್ದಾರೆ.

ತೆರೆಯದ ಪ್ರತಿಯನ್ನಾದರೂ ಹಿಂಪಡೆಯಿರಿ ಎಂದು ಪ್ರಕಾಶಕರಿಗೆ ವಿನಯದಿಂದಲೇ ಬರೆದೆ. ಎರಡು ದಿನ ನೀಲಿ ಗೆರೆಗಳು ಮಾತ್ರ ಕಂಡವು. ಮೂರನೆಯ ದಿನ, ‘ಹಾಸ್ಯ ಸವಿಯಲು ಹಾಸ್ಯಪ್ರಜ್ಞೆ ಬೇಕು ಸಾರ್’ ಎಂಬ ಉತ್ತರ ಬಂದಿತು. 13ಬಿ ಬಗ್ಗೆ ಬರೆದೆ. ‘ಇದು ಕಾದಂಬರಿ, ಕಾನೂನಿನ ಪುಸ್ತಕವಲ್ಲ’ ಎಂದರು. ಹಣದ ಮಾತೆತ್ತಿದಾಗ, ‘ಕನ್ನಡ ಪುಸ್ತಕ ಕೊಳ್ಳುವವರೇ ಕಡಿಮೆ, ನಿಮ್ಮಂಥವರೇ ಹೀಗೆಂದರೆ ಭಾಷೆ ಉಳಿಯುವುದು ಹೇಗೆ?’ ಎಂದು ಕೇಳಿದರು. 720 ರೂಪಾಯಿ ಕೊಟ್ಟು ಭಾಷಾದ್ರೋಹಿಯೂ ಆದೆ! ಈ ಒಂದು ಮಾತು ಜಿಗಣೆಗಿಂತ ಹೆಚ್ಚು ಕಚ್ಚಿತು.

ಆದ್ದರಿಂದ ಅಂಗಡಿಗೆ ಹೋಗಿ ನಡುವಿನ ಹತ್ತು ಪುಟಗಳನ್ನು ನಿಂತೇ ಓದಿ. ಮೊದಲ ಪುಟಗಳನ್ನಲ್ಲ, ನಡುವಿನವನ್ನು. ಬೆನ್ನುಡಿಯನ್ನು ಸುತರಾಂ ನಂಬಬೇಡಿ. ಓದದ ಪುಸ್ತಕವನ್ನು ಯಾರಿಗೂ ಉಡುಗೊರೆ ಕೊಡಬೇಡಿ. ಪುಸ್ತಕ ಬಂದ ದಿನವೇ ನಾನು ಎರಡನೆಯ ಪ್ರತಿಯನ್ನು ಭಾವಮೈದುನನ ವಿವಾಹ ವಾರ್ಷಿಕೋತ್ಸವಕ್ಕೆ, ‘ಪ್ರೀತಿಯಿಂದ’ ಎಂದು ಸಹಿ ಹಾಕಿ ಕೊಟ್ಟುಬಿಟ್ಟಿದ್ದೆ. ಕಥಾನಾಯಕನ ಮನೆಯಲ್ಲಿ ಬಿಟ್ಟಿ ಕೂಳು ತಿನ್ನುತ್ತ ಕುಳಿತಿರುವ ಸೋಮಾರಿಯೊಬ್ಬನಿದ್ದಾನೆ, ಅವನು ಹೆಂಡತಿಯ ತಮ್ಮ. ನಿನ್ನೆ ರಾತ್ರಿ ಫೋನ್ ಬಂದಿತ್ತು: ‘ಭಾವ, ಅರವತ್ತೊಂದನೆಯ ಪುಟಕ್ಕೆ ಬಂದೆ. ಇದನ್ನು ನನಗೆಂದೇ ಆರಿಸಿದಿರಾ?’