1.7 ಟನ್ ಪಿಕಪ್, ಮೂರು ವರ್ಷ ಓಡಿಸಿದ ಮೇಲೆ: ನಿಜಕ್ಕೂ ಎಷ್ಟು ಹೊರುತ್ತೆ, ಎಷ್ಟು ಎಳೆಯುತ್ತೆ?

ಅಣ್ಣಿಗೇರಿಯಲ್ಲಿ ನಮ್ಮದು ಗೊಬ್ಬರ, ಬೀಜದ ಅಂಗಡಿ. ಹುಬ್ಬಳ್ಳಿಯಿಂದ ಮಾಲು ತರುವುದಕ್ಕೆ, ಸುಗ್ಗಿಯಲ್ಲಿ ರೈತರ ಕಾಳು, ಮೆಣಸಿನಕಾಯಿ ಸಾಗಿಸುವುದಕ್ಕೆ ಅಂತ ಮೂರು ವರ್ಷದ ಹಿಂದೆ 1.7 ಟನ್ ಪಿಕಪ್ ತೆಗೆದುಕೊಂಡೆವು. ಯಾವ ಕಂಪನಿ ಅಂತ ಬರೆಯುವುದಿಲ್ಲ, ಯಾಕಂದ್ರೆ ಇಲ್ಲಿ ಹೇಳುವುದು ಈ ಸೈಜಿನ ಎಲ್ಲಾ ಗಾಡಿಗೂ ಒಂದೇ. ಎಂಜಿನ್, ಎಸಿ, ಸೀಟಿನ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ತೂಕದ ಬಗ್ಗೆ ಸರಿಯಾಗಿ ಹೇಳುವವರು ಕಡಿಮೆ.

ಶೋರೂಮಿನಲ್ಲಿ ನಮಗೆ ಸಿಕ್ಕ ಹುಡುಗ ಹೇಳಿದ್ದು ಇಷ್ಟು (ಪಾಸಿಂಗ್ ಅಂದರೆ ಹೇರಲು ಕಾನೂನು ಒಪ್ಪಿದ ತೂಕ): "ಪಾಸಿಂಗ್ 1.7 ಐತ್ರಿ, ಆದ್ರ ನೀವು ಎರಡೂವರಿ ಹಾಕ್ರಿ, ಏನೂ ಆಗಂಗಿಲ್ಲ, ಎಲ್ಲಾರೂ ಹಾಕ್ತಾರ." ಅಪ್ಪ ತಕ್ಷಣ, "ಹಂಗಂದ್ರ ಎರಡೂವರಿ ಅಂತ ಬಿಲ್ಲಿನ ಮ್ಯಾಲ ಬರದು ಕೊಡಪಾ" ಅಂದರು. ಹುಡುಗ ನಕ್ಕು ಟೀ ತರಿಸಿದ. ಬರೆದು ಮಾತ್ರ ಕೊಡಲಿಲ್ಲ.

ಸರಿ, ಲೆಕ್ಕಕ್ಕೆ ಬರೋಣ. ಆರ್‌ಸಿಯಲ್ಲಿ ಎರಡು ತೂಕ ಇರುತ್ತವೆ. ಒಂದು ಖಾಲಿ ಗಾಡಿಯದು, ಇನ್ನೊಂದು ಲೋಡ್ ಸೇರಿ ಗಾಡಿ ಒಟ್ಟು ಎಷ್ಟು ತೂಗಬಹುದು ಅನ್ನುವುದು. ನಮ್ಮದರಲ್ಲಿ 1790 ಮತ್ತು 3490. ಕಳೆದರೆ 1700. ಬ್ರೋಷರಿನಲ್ಲಿ ದಪ್ಪ ಅಕ್ಷರದಲ್ಲಿ ಇರುವುದು ಇದೇ. ಆದರೆ ಖಾಲಿ ತೂಕದಲ್ಲಿ ಡ್ರೈವರ್ ಇಲ್ಲ. ಕಾನೂನಿನಲ್ಲೇ ಹಾಗಿದೆ: ಖಾಲಿ ತೂಕ ಅಂದರೆ ಡ್ರೈವರ್, ಕ್ಲೀನರ್ ಬಿಟ್ಟು. ನೀವು ಆಮೇಲೆ ಹಾಕಿಸುವ ಕಬ್ಬಿಣದ ಗ್ರಿಲ್ಲು, ಎತ್ತರಿಸಿದ ಡಾಲಾ (ಮಾಲು ಹೇರುವ ಜಾಗದ ಪಕ್ಕದ, ಹಿಂದಿನ ಹಲಗೆ), ತಾಡಪತ್ರಿ, ಹಗ್ಗ, ಇವು ಯಾವುದೂ ಅದರಲ್ಲಿ ಇಲ್ಲ.

ಬಾಡಿ ಕಟ್ಟಿಸಿ, ಡೀಸೆಲ್ ಫುಲ್ ಮಾಡಿಸಿ, ಯಾರನ್ನೂ ಕೂರಿಸದೆ ಕಾಟಾ ಮೇಲೆ ನಿಲ್ಲಿಸಿದೆವು. ಚೀಟಿಯಲ್ಲಿ ಬಂದದ್ದು 1940. ಅಲ್ಲಿಗೇ 150 ಕೆಜಿ ಹೋಯಿತು. ನಾನೂ ಒಬ್ಬ ಹಮಾಲನೂ ಹತ್ತಿದರೆ ಇನ್ನೊಂದು 140. ಉಳಿದದ್ದು 1410 ಕೆಜಿ. ಡಿಎಪಿ ಗೊಬ್ಬರದ ಚೀಲ 50 ಕೆಜಿ, ಅಂದರೆ 28 ಚೀಲ. ಯೂರಿಯಾ ಚೀಲ ಈಗ 45 ಕೆಜಿ, ಅದಾದರೆ 31. ಬ್ರೋಷರ್ ನಂಬಿದರೆ ಡಿಎಪಿ 34 ಚೀಲ ಹಾಕಬೇಕಿತ್ತು. ಪ್ರತಿ ಸಲ ಆರು ಚೀಲದ ಫರಕು ಅಂದ್ರೆ ಬಾಡಿಗೆ ಲೆಕ್ಕವೇ ಬದಲಾಗುತ್ತದೆ, ಅಲ್ವಾ? ಆ ಕಾಟಾ ಚೀಟಿಯನ್ನು ಲ್ಯಾಮಿನೇಷನ್ ಮಾಡಿಸಿ ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದೇನೆ. ಹಮಾಲರು "ಇನ್ನ ನಾಕ ಹಾಕೂಣೇನ್ರಿ" ಅಂದಾಗ ಅದನ್ನೇ ತೋರಿಸುತ್ತೇನೆ.

ದಂಡದ ವಿಷಯ. 2019ರ ತಿದ್ದುಪಡಿ ಆದಮೇಲೆ ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ ಓವರ್‌ಲೋಡಿಗೆ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್‌ಗೆ 2,000. ಹೆಚ್ಚಿನ ಮಾಲು ಇಳಿಸುವ ತನಕ ಗಾಡಿ ಬಿಡುವುದಿಲ್ಲ, ಇಳಿಸುವ ಖರ್ಚೂ ನಮ್ಮದೇ. ತೂಕ ಮಾಡಿಸದೆ ತಪ್ಪಿಸಿಕೊಂಡು ಹೋದರೆ 40,000. ಮಾಲು ಪಕ್ಕಕ್ಕೋ ಹಿಂದಕ್ಕೋ ಮಿತಿ ಮೀರಿ ಚಾಚಿಕೊಂಡರೆ, ಮಿತಿಗಿಂತ ಎತ್ತರ ಹೇರಿದರೆ ಅದಕ್ಕೂ 20,000. ಇದು ಮೆಣಸಿನಕಾಯಿ ಸಾಗಿಸುವವರಿಗೆ ಗೊತ್ತಿರಬೇಕು. ಬ್ಯಾಡಗಿಗೆ ಕಾಯಿ ಒಯ್ಯುವಾಗ ತೂಕಕ್ಕಿಂತ ಮೊದಲು ಜಾಗ ತುಂಬುತ್ತದೆ. ಹಗುರ ಮಾಲು ಅಂತ ಕ್ಯಾಬಿನ್ನಿಗಿಂತ ಎರಡಾಳು ಎತ್ತರ ಹೇರುತ್ತಾರೆ, ಹೆದ್ದಾರಿಯಲ್ಲಿ ಅಡ್ಡಗಾಳಿ ಹೊಡೆದರೆ ಸ್ಟೇರಿಂಗ್ ಕೈಯಲ್ಲೇ ಅಲುಗಾಡುತ್ತದೆ. ತೂಕ ಕಡಿಮೆ ಇದ್ದರೂ ಎತ್ತರ ಜಾಸ್ತಿಯಾದರೆ ಗಾಡಿ ವಾಲುತ್ತದೆ.

ತೂಕ ಎಲ್ಲಿ ಕೂರುತ್ತದೆ ಅನ್ನುವುದೂ ಅಷ್ಟೇ ಮುಖ್ಯ. ಚೀಲಗಳನ್ನು ಕ್ಯಾಬಿನ್ ಕಡೆಯಿಂದ ಹೇರುತ್ತಾ ಬನ್ನಿ. ಅವಸರಕ್ಕೆ ಹಮಾಲರು ಹಿಂದಿನ ಡಾಲಾ ಹತ್ತಿರವೇ ಒಟ್ಟಿಬಿಡುತ್ತಾರೆ. ಆಗ ಹಿಂದಿನ ಆಕ್ಸಲ್ ಮೇಲೆ ಭಾರ ಬಿದ್ದು ಮುಂದಿನ ಚಕ್ರ ಹಗುರಾಗುತ್ತದೆ, ಸ್ಟೇರಿಂಗ್ ಬೆಣ್ಣೆ ಆದಂಗೆ ಅನಿಸುತ್ತದೆ. ಖುಷಿ ಪಡಬೇಡಿ, ಅದು ಕೆಟ್ಟ ಸೂಚನೆ.

ಟೈರ್ ಬಗ್ಗೆ ಯಾರೂ ಹೇಳುವುದಿಲ್ಲ. ಟೈರಿನ ಪಕ್ಕದಲ್ಲಿ ಸೈಜ್ ಆದಮೇಲೆ ಒಂದು ಅಂಕಿ ಇರುತ್ತದೆ. 100 ಅಂದರೆ ಒಂದು ಟೈರ್ 800 ಕೆಜಿ ಹೊರುತ್ತದೆ, 106 ಅಂದರೆ 950, 112 ಅಂದರೆ 1120. 106/104 ಅಂತ ಎರಡು ಅಂಕಿ ಇದ್ದರೆ ಮೊದಲನೆಯದನ್ನು ನೋಡಿ, ಎರಡನೆಯದು ಜೋಡಿ ಟೈರ್ ಇರುವ ಗಾಡಿಗೆ. ಟೈರ್ ಬದಲಿಸುವಾಗ ಅಗ್ಗ ಅಂತ ಕಡಿಮೆ ಅಂಕಿಯದು ಹಾಕಿಸಿದರೆ ಆರ್‌ಸಿಯಲ್ಲಿ ಏನು ಬರೆದಿದ್ದರೂ ಪ್ರಯೋಜನ ಇಲ್ಲ.

ಇನ್ನು "ಎರಡು ಪ್ಲೇಟ್ ಜಾಸ್ತಿ ಹಾಕಿಸಿಬಿಡಿ" ಅನ್ನುವ ಸಲಹೆ. ಲೀಫ್ ಸ್ಪ್ರಿಂಗಿಗೆ, ಅಂದರೆ ಆಕ್ಸಲ್ ಮೇಲೆ ಭಾರ ಹೊರುವ ಉಕ್ಕಿನ ಪಟ್ಟಿಗಳ ಕಟ್ಟಿಗೆ, ಪ್ಲೇಟ್ ಸೇರಿಸಿದರೆ ಗಾಡಿಯ ಹಿಂಭಾಗ ಕುಸಿಯುವುದಿಲ್ಲ, ನೋಡಲು ಚೆಂದ ನಿಲ್ಲುತ್ತದೆ. ಆದರೆ ಬ್ರೇಕು ಅದೇ, ಆಕ್ಸಲ್ ಅದೇ, ಚಾಸಿ ಅದೇ, ಪಾಸಿಂಗೂ ಅದೇ. ಒಮ್ಮೆ ಕಾರವಾರಕ್ಕೆ ಉಳ್ಳಾಗಡ್ಡಿ ಒಯ್ಯುವಾಗ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುತ್ತಿದ್ದೆವು. ನಮ್ಮದು ಪಾಸಿಂಗ್ ಒಳಗೇ ಇತ್ತು, ಎರಡನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತಿತ್ತು. ಮುಂದಿದ್ದ ಪಿಕಪ್‌ನವನು ಬ್ರೇಕ್ ಒತ್ತಿಕೊಂಡೇ ಹೋಗುತ್ತಿದ್ದ, ತಿರುವು ತಿರುವಿಗೆ ಲೈನಿಂಗ್ ಸುಟ್ಟ ಕಮಟು ವಾಸನೆ ನಮ್ಮ ಕ್ಯಾಬಿನ್ನಿಗೇ ಬರುತ್ತಿತ್ತು. ಕೊನೆಗೆ ಗಾಡಿ ಪಕ್ಕಕ್ಕೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ನಿಂತ. ಅವನ ಗಾಡಿಗೆ ಹೊಸ ಪ್ಲೇಟ್‌ಗಳು ಹೊಳೆಯುತ್ತಿದ್ದವು.

ಎಳೆಯುವ ವಿಷಯಕ್ಕೆ ಬರೋಣ, ರೈತರು ಜಾಸ್ತಿ ಕೇಳುವುದು ಇದನ್ನೇ. "ರಾಶಿ ಮಷಿನ್ ಹಿಂದ ಕಟ್ಟಿದ್ರ ಎಳೀತೈತೇನ್ರಿ?" ರಾಶಿ ಮಷಿನ್ ಅಂದರೆ ಕಾಳು ಒಕ್ಕುವ ಯಂತ್ರ. ಎಳೆಯಬಹುದೇನೋ, ನಿಲ್ಲಿಸುವುದು ಯಾರು? ಟ್ರ್ಯಾಕ್ಟರ್ ನಿಧಾನ, ಗೇರ್ ಬೇರೆ. ಪಿಕಪ್ 60ರಲ್ಲಿ ಹೋಗುವಾಗ ಬ್ರೇಕ್ ಇಲ್ಲದ ಯಂತ್ರ ಹಿಂದಿನಿಂದ ತಳ್ಳಿದರೆ ಗಾಡಿ ಅಡ್ಡ ತಿರುಗುತ್ತದೆ. ನಮ್ಮ ಗಾಡಿಯ ಬ್ರೋಷರಿನಲ್ಲಿ ಎಳೆಯುವ ತೂಕವನ್ನೇ ಬರೆದಿಲ್ಲ. ಮುಂದಿರುವ ಕೊಕ್ಕೆ ನಿಮ್ಮ ಗಾಡಿ ಸಿಕ್ಕಿಬಿದ್ದಾಗ ಬೇರೆಯವರು ಎಳೆಯುವುದಕ್ಕೆ. ಟ್ರೇಲರಿಗೂ ಬೇರೆ ನೋಂದಣಿ ಬೇಕು, ಕಾನೂನಿನ ಕಣ್ಣಿಗೆ ಅದೂ ಒಂದು ವಾಹನ.

ಮೊಬೈಲಿನಲ್ಲಿ ಅಮೆರಿಕದ ಪಿಕಪ್‌ಗಳು ದೊಡ್ಡ ದೋಣಿ ಎಳೆಯುವುದನ್ನು ನೋಡಿ ಹುಡುಗರು ಹುರುಪಾಗುತ್ತಾರೆ. ಅಲ್ಲಿಯ ಲೆಕ್ಕ ಬಿಗಿಯಾಗಿದೆ. ಗಾಡಿ, ಟ್ರೇಲರ್, ಜನ, ಸಾಮಾನು ಎಲ್ಲಾ ಸೇರಿ ಇಷ್ಟು ಅಂತ ಒಂದು ಮಿತಿ ಇರುತ್ತದೆ. ಟ್ರೇಲರ್ ತೂಕದ ಶೇ. 10ರಿಂದ 15ರಷ್ಟು ಕೊಂಡಿಯ ಮೇಲೆ ಕೂರಬೇಕು, ಕಡಿಮೆಯಾದರೆ ಟ್ರೇಲರ್ ಬಾಲ ಅಲ್ಲಾಡಿಸಲು ಶುರು. ಆ ಭಾರವನ್ನೂ ಹೊರುವ ತೂಕದಲ್ಲೇ ಕಳೆಯಬೇಕು. 1000 ಕೆಜಿ ಟ್ರೇಲರ್ ಕಟ್ಟಿದರೆ 100ರಿಂದ 150 ಕೆಜಿ ಹೋಯಿತು. ಅಲ್ಲಿ ಡ್ರೈವರ್ ಬಾಗಿಲ ಪಕ್ಕದಲ್ಲೇ ಜನ ಮತ್ತು ಸಾಮಾನು ಸೇರಿ ಎಷ್ಟು ಮೀರಬಾರದು ಅಂತ ಕೆಜಿ ಸಮೇತ ಚೀಟಿ ಅಂಟಿಸಿರುತ್ತಾರೆ. ನಮ್ಮಲ್ಲೂ ಹಾಗೆ ಇದ್ದಿದ್ದರೆ ಶೋರೂಮಿನ ಎರಡೂವರೆ ಟನ್ ಕಥೆ ನಡೆಯುತ್ತಿರಲಿಲ್ಲ.

ಮಳೆಗಾಲದ ಎರೆ ಹೊಲದಲ್ಲಿ ಖಾಲಿ ಪಿಕಪ್ ದಂಡ. ಹಿಂದಿನ ಚಕ್ರ ತಿರುಗುವ ಗಾಡಿ, ಹಿಂದೆ ಭಾರವೇ ಇಲ್ಲ, ನಿಂತಲ್ಲೇ ಸುತ್ತುತ್ತದೆ. ಅದಕ್ಕೇ ಮಳೆಗಾಲದಲ್ಲಿ ಹಿಂದಿನ ಆಕ್ಸಲ್ ಮೇಲೆ ಬರುವ ಹಾಗೆ ನಾಲ್ಕು ಚೀಲ ಇಟ್ಟುಕೊಂಡೇ ಹೊಲದ ದಾರಿಗೆ ಇಳಿಯುತ್ತೇವೆ.

ಲೈಸೆನ್ಸ್ ಚಿಂತೆ ಇರುವವರಿಗೆ: ಒಟ್ಟು ತೂಕ 7500 ಕೆಜಿ ಒಳಗಿನ ಗೂಡ್ಸ್ ಗಾಡಿಯನ್ನು ಎಲ್‌ಎಂವಿ (ಲಘು ವಾಹನದ) ಲೈಸೆನ್ಸಿನಲ್ಲೇ ಓಡಿಸಬಹುದು ಅಂತ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಯಾವುದು ತಗೊಳ್ಳಬೇಕು? ಊರೊಳಗೆ ಕಿರಾಣಿ, ತರಕಾರಿ ಅಂದ್ರೆ ಮುಕ್ಕಾಲು ಟನ್ ಆಸುಪಾಸಿನ ಟಾಟಾ ಏಸ್ ಥರದ್ದು ಸಾಕು, ಸಂದಿಯಲ್ಲೂ ತಿರುಗುತ್ತದೆ. ಗೊಬ್ಬರ, ಸಿಮೆಂಟು, ಕಾಳು ಅಂದ್ರೆ ನಿಮ್ಮ ದಿನದ ಲೋಡಿಗೆ 300 ಕೆಜಿ ಸೇರಿಸಿ ಆಮೇಲೆ ಪಾಸಿಂಗ್ ನೋಡಿ. ದಿನಾ 1.5 ಟನ್ ಮಾಲು ಇದೆ ಅಂದ್ರೆ 1.7 ಸಾಲದು, 2 ಟನ್‌ದು ಬೇಕು. ಮಹೀಂದ್ರಾ ಬೊಲೆರೊ ಮ್ಯಾಕ್ಸ್‌ನಲ್ಲೂ ಟಾಟಾ ಯೋಧಾದಲ್ಲೂ 2 ಟನ್ ಮಾಡೆಲ್ ಇವೆ. ನಮಗೆ 28 ಚೀಲ ಸಾಕಾಗುತ್ತಿದೆ, ಹಾಗಾಗಿ ಸದ್ಯಕ್ಕೆ ಬದಲಿಸುವ ವಿಚಾರ ಇಲ್ಲ. ಮುಂಗಾರಿನಲ್ಲಿ ಡಿಎಪಿಗೆ ಗದ್ದಲ ಜೋರಾದಾಗ ಮಾತ್ರ ಎರಡು ಟ್ರಿಪ್ ಹೊಡೆಯುತ್ತೇವೆ.